ಅಜ್ಜನ ಕೋವಿ ನಳಿಗೆಗಿಂತ ಇಡೀ ರೈಫಲ್ಲೇ ಗಿಡ್ಡ! ಬುಲ್‌ಪಪ್, ಕಾರ್ಬೈನ್ ಹುಚ್ಚಿರೋರು ಇಲ್ಲಿ ಬನ್ನಿ

ಹೊಸನಗರದ ಹುಡುಗ

ಮೊದಲೇ ಹೇಳಿಬಿಡ್ತೀನಿ, ನಾನು ಪರಿಣತ ಗಿರಿಣತ ಎಂತದೂ ಅಲ್ಲ. ಅಡಿಕೆ ತೋಟ, ಒಂದು ಹಳೇ ಜೀಪು, ಅಜ್ಜನ ಕಾಲದಿಂದ ಲೈಸೆನ್ಸ್ ಇರೋ ಜೋಡಿ ನಳಿಗೆ ಕೋವಿ. ರಾತ್ರಿ ಕರೆಂಟ್ ಇದ್ದು ನೆಟ್‌ವರ್ಕೂ ಸಿಕ್ಕಿದ್ರೆ ರೈಫಲ್ ವಿಡಿಯೊ ನೋಡೋದು ಚಟ. ಅದರಲ್ಲೂ ಬುಲ್‌ಪಪ್ (ನಳಿಗೆ ಉದ್ದ ಇದ್ರೂ ಒಟ್ಟಾರೆ ಗಿಡ್ಡ ಇರೋ ರೈಫಲ್) ಅಂದ್ರೆ ಊಟ ಬಿಟ್ಟು ನೋಡ್ತೀನಿ.

ಮೊನ್ನೆ ರಾತ್ರಿ ತೋಟಕ್ಕೆ ಹಂದಿ ನುಗ್ಗಿತ್ತು. ಹೆದರಿಸಿ ಓಡಿಸೋಣ ಅಂತ ಕೋವಿ ತಗೊಂಡು ಇಳಿದೆ. ಬೇಲಿ ಹತ್ರ ಲಂಟಾನ ಮಟ್ಟಿಗೆ ನಳಿಗೆ ಸಿಕ್ಕಿಹಾಕ್ಕೊಂಡು ನಾನೇ ಮುಗ್ಗರಿಸಿದೆ. ಹಂದಿ ನಿಂತು ನೋಡಿಕೊಂಡು ಹೋಯ್ತು. ಮನೆಗೆ ಬಂದು ಸಿಟ್ಟಿಗೆ ಟೇಪು ಹಿಡಿದು ಅಳೆದೆ. ನಳಿಗೆ 30 ಇಂಚು, ಅಂದ್ರೆ 76 ಸೆಂ.ಮೀ. ಒಟ್ಟು ಉದ್ದ 119 ಸೆಂ.ಮೀ. ಅದೇ ಇಸ್ರೇಲಿನ ಟೇವರ್ ಟಿಎಆರ್-21 ತುದಿಯಿಂದ ಬುಡದವರೆಗೆ ಬರೀ 72 ಸೆಂ.ಮೀ. ಅಜ್ಜನ ಕೋವಿಯ ನಳಿಗೆಗಿಂತ ಇಡೀ ರೈಫಲ್ ನಾಲ್ಕು ಸೆಂ.ಮೀ. ಗಿಡ್ಡ ಮಾರಾಯ್ರೆ! ಹಾಗಂತ ನಳಿಗೆ ಕಮ್ಮಿ ಇಲ್ಲ, 46 ಸೆಂ.ಮೀ. ಇದೆ. ನಮ್ಮ ಸೈನ್ಯದ ಇನ್ಸಾಸ್ ರೈಫಲ್ ನಳಿಗೆಯೂ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಇನ್ಸಾಸ್ ಒಟ್ಟು 96 ಸೆಂ.ಮೀ. ಉದ್ದ.

ಗೊತ್ತಿಲ್ಲದೋರಿಗೆ ಹೇಳೋದಾದ್ರೆ, ಮಾಮೂಲಿ ರೈಫಲ್‌ನಲ್ಲಿ ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ಟ್ರಿಗರ್ ಮುಂದೆ ಇರ್ತದೆ. ಬುಲ್‌ಪಪ್‌ನಲ್ಲಿ ಮ್ಯಾಗಜಿನ್, ಗುಂಡನ್ನ ನಳಿಗೆಗೆ ತಳ್ಳೋ ಬೋಲ್ಟ್ ಎಲ್ಲ ಟ್ರಿಗರ್ ಹಿಂದೆ, ಭುಜಕ್ಕೆ ಒತ್ತೋ ಬಟ್ ಒಳಗೇ ಕೂತಿರ್ತವೆ. ಸುಮ್ನೆ ಬಿದ್ದಿದ್ದ ಜಾಗ ಕೆಲಸಕ್ಕೆ ಬಂತು ಅಷ್ಟೇ. 1977ರಲ್ಲಿ ಆಸ್ಟ್ರಿಯಾದವರು ಸ್ಟೈಯರ್ ಎಯುಜಿ ಅಂತ ಇದನ್ನ ಕಂಡುಹಿಡಿದ್ರು. ಇಷ್ಟು ಚಂದದ ಬುದ್ಧಿವಂತಿಕೆಯನ್ನ ಸೈನ್ಯಗಳು ಒಂದೊಂದಾಗಿ ಕೈಬಿಡ್ತಿರೋದು ಯಾಕೆ? ನಿಮಗೆ ಯಾವುದು ಇಷ್ಟ?

ಗಾಜನೂರು ಗೇಮರ್

ಫಸ್ಟು!! ಗ್ರೋಜಾ. ಪಬ್‌ಜಿ ಆಟದ ಏರ್‌ಡ್ರಾಪ್‌ನಲ್ಲಿ ಗ್ರೋಜಾ ಬಿದ್ರೆ ಆ ದಿನ ಚಿಕನ್ ಡಿನ್ನರ್ ನಂದೇ.

ಆಗುಂಬೆ ಮಳೆ

ಹಂದಿ ಹೆಸರು ಬರೀರಿ ಮಾರಾಯ್ರೆ, ಅದೇ ಈ ಕಥೆ ಹೀರೋ.

ಪುಸ್ತಕದ ಹುಳು, ಭದ್ರಾವತಿ

ಹುಡುಗ್ರೇ, ಒಂದು ತಿದ್ದುಪಡಿ. ಆಸ್ಟ್ರಿಯಾದವರು ಕಂಡುಹಿಡಿದದ್ದಲ್ಲ, ಗೆಲ್ಲಿಸಿದ್ದು. 1901ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ಥಾರ್ನಿಕ್ರಾಫ್ಟ್ ಕಾರ್ಬೈನ್ (ಕಾರ್ಬೈನ್ ಅಂದರೆ ಗಿಡ್ಡ ರೈಫಲ್) ಅಂತ ಒಂದು ಬಂದಿತ್ತು. .303 ಇಂಚಿನ ಗುಂಡಿನದು, ಬೋಲ್ಟ್ ಎಳೆಯುವಾಗ ಅದು ಕೆನ್ನೆ ಹತ್ತಿರಕ್ಕೇ ಬರುವಂಥದ್ದು. ಸೈನ್ಯ ತಗೊಳ್ಳಲಿಲ್ಲ.

ಆಮೇಲಿನ ಕಥೆ ಇನ್ನೂ ಸ್ವಾರಸ್ಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು .280 ಗುಂಡಿನ ಇಎಂ-2 ಅನ್ನೋ ಬುಲ್‌ಪಪ್ ಮಾಡಿದರು. 1951ರಲ್ಲಿ ಅದನ್ನೇ ಸೈನ್ಯಕ್ಕೆ ಅಂತ ಘೋಷಣೆಯೂ ಆಯ್ತು. ಆದರೆ ಅಮೆರಿಕದವರು ದೊಡ್ಡ ಗುಂಡೇ ಬೇಕು ಅಂತ ಹಟ ಹಿಡಿದರು. ಅಷ್ಟರಲ್ಲಿ ಚರ್ಚಿಲ್ ವಾಪಸು ಅಧಿಕಾರಕ್ಕೆ ಬಂದು ನ್ಯಾಟೊ ಮೈತ್ರಿಕೂಟದ ಹೊಂದಾಣಿಕೆ ಮುಖ್ಯ ಅಂತ ಇಎಂ-2ನ್ನು ಬದಿಗಿಟ್ಟರು. ಗುಂಡು 7.62 ಎಂ.ಎಂ. ಅಂತ ನಿಂತಿತು, ಬ್ರಿಟಿಷರು ಬೆಲ್ಜಿಯಂ ಮೂಲದ ಎಫ್ಎಎಲ್ ರೈಫಲ್ ಹಿಡಿದರು. ಅದನ್ನೇ ನೋಡಿ ನಮ್ಮವರು ಮಾಡಿದ್ದು 1ಎ1 ಎಸ್ಎಲ್ಆರ್. ಆವತ್ತು ಇಎಂ-2 ಉಳಿದುಕೊಂಡಿದ್ದರೆ ನಮ್ಮ ಜವಾನರೂ ಬುಲ್‌ಪಪ್ ಹಿಡಿದೇ ಓಡಾಡುತ್ತಿದ್ದರೋ ಏನೋ.

ಹೊಸನಗರದ ಹುಡುಗ

ಹುಳು ಸರ್, ತಪ್ಪಾಯ್ತು, ತಿದ್ಕೊಂಡೆ. 1901 ಅಂತ ಗೊತ್ತೇ ಇರ್ಲಿಲ್ಲ.

ನಿವೃತ್ತ ಹವಾಲ್ದಾರ್, ಸಾಗರ

ತಮ್ಮಾ, ನೀನು ಗಿಡ್ಡ ಗಿಡ್ಡ ಅಂತ ಕುಣೀತಿದ್ದೀಯ. ನಾವು ನಿಜವಾಗಿ ಹೊತ್ತದ್ದು ಹೇಳ್ತೀನಿ. ಎಸ್ಎಲ್ಆರ್ ಹೊತ್ತೆ, ಇನ್ಸಾಸ್ ಹೊತ್ತೆ, ಸ್ವಲ್ಪ ದಿನ 9 ಎಂ.ಎಂ. ಕಾರ್ಬೈನ್ 1ಎ1 ಕೂಡ ಹೊತ್ತೆ. ಕಾರ್ಬೈನ್ ಅಂದರೆ ಬ್ರಿಟಿಷರ ಸ್ಟರ್ಲಿಂಗ್, ನಮ್ಮ ಕಾನ್ಪುರದಲ್ಲಿ ಮಾಡಿದ್ದು. ಬಟ್ ಮಡಚಿದರೆ 48 ಸೆಂ.ಮೀ., ಬಿಚ್ಚಿದರೆ 69. ನಿನ್ನ ಟೇವರಿಗಿಂತ ಗಿಡ್ಡವೇ. 34 ಗುಂಡಿನ ಮ್ಯಾಗಜಿನ್ ಎಡಕ್ಕೆ ರೆಕ್ಕೆ ಚಾಚಿದ ಹಾಗೆ ನಿಂತಿರುತ್ತದೆ. ಹೊಸ ಹುಡುಗರು ಆ ಮ್ಯಾಗಜಿನ್ನನ್ನೇ ಹಿಡಿದು ಹೊಡೆಯೋಕೆ ಹೋಗೋರು, ಉಸ್ತಾದ್ ಬೆರಳ ಮೇಲೇ ಬಾರಿಸೋರು. ಗಾಡಿ ಹತ್ತಿಳಿಯುವಾಗ ಅದೇ ರೆಕ್ಕೆ ಎಲ್ಲದಕ್ಕೂ ತಗಲೋದು. ಗಿಡ್ಡ ಅಂದಮೇಲೆ ಉದ್ದ ಒಂದನ್ನೇ ನೋಡಬೇಡ, ಅಗಲವನ್ನೂ ನೋಡು.

ಇನ್ನೊಂದು, ಅದರ ಗುಂಡು ಪಿಸ್ತೂಲಿನದು. ಹತ್ತಿರಕ್ಕೆ ಸರಿ. ದೂರಕ್ಕೆ ಹೊಡೆದರೆ ದೇವರಿಗೆ ಕೈ ಮುಗಿದು ಹೊಡೀಬೇಕು.

ಟೇವರ್ ನಮಗೆ ಸಿಗಲಿಲ್ಲ. ವಿಶೇಷ ಪಡೆಯವರ ಕೈಯಲ್ಲಿ ನೋಡಿದ್ದೇನೆ. 2002ರಲ್ಲಿ ಸುಮಾರು 3,000 ಚಿಲ್ಲರೆ ಟೇವರಿಗೆ ಒಪ್ಪಂದ ಆಗಿತ್ತು. ಒಮ್ಮೆ ಕೈಗೆ ತಗೊಂಡು ನೋಡಿದೆ. ಭಾರ ಎಲ್ಲ ಹಿಂದೆ, ಕಂಕುಳಲ್ಲಿ ಹಲಸಿನಕಾಯಿ ಇಟ್ಟುಕೊಂಡ ಹಾಗೆ. ಒಂದೇ ಕೈಯಲ್ಲಿ ಹಿಡಿದು ನಿಂತರೂ ಮೂತಿ ಕೆಳಗೆ ಜಗ್ಗೋದಿಲ್ಲ, ಅದು ಮಾತ್ರ ಮೆಚ್ಚಬೇಕು.

ಎಡಚ ಭಟ್ಟ

ನನ್ನಂಥ ಎಡಗೈಯವರ ಗೋಳು ಯಾರೂ ಹೇಳಲ್ಲ. ಬುಲ್‌ಪಪ್‌ನಲ್ಲಿ ಖಾಲಿ ತೋಟಾ ಹೊರಗೆ ಹಾರೋ ಕಿಂಡಿ ಬಲಗಡೆ, ಅದೂ ಸೀದಾ ಕೆನ್ನೆ ಜಾಗದಲ್ಲಿ. ಎಡ ಭುಜಕ್ಕೆ ಇಟ್ಟರೆ ಪ್ರತಿ ಗುಂಡಿಗೂ ಬಿಸಿ ಹಿತ್ತಾಳೆ ಕಪಾಳಕ್ಕೆ. ಬ್ರಿಟಿಷರ ಎಲ್85 ಅಂತೂ ಎಡಗೈಗೆ ಆಗೋದೇ ಇಲ್ಲ, ಎಡಚರನ್ನೂ ಬಲಗೈಯಲ್ಲೇ ಹೊಡೆಯೋಕೆ ಕಲಿಸ್ತಾರೆ. ಶಾಲೇಲಿ ಎಡಗೈಲಿ ಬರೆದ್ರೆ ಮೇಷ್ಟ್ರು ಬೆತ್ತ ತಗೋತಿದ್ರಲ್ಲ, ಅದೇ ಕಥೆ.

ಪುಸ್ತಕದ ಹುಳು, ಭದ್ರಾವತಿ

ಭಟ್ರೇ, ಎಲ್ಲವೂ ಹಾಗಲ್ಲ. ಎಯುಜಿಯಲ್ಲಿ ಬೋಲ್ಟ್ ಬದಲಿಸಿ ಕಿಂಡಿ ಮುಚ್ಚಳವನ್ನ ಆ ಕಡೆಯಿಂದ ಈ ಕಡೆಗೆ ಹಾಕಿದರೆ ಎಡಚರಿಗೂ ಆಗುತ್ತದೆ. ಟೇವರ್, ಫ್ರಾನ್ಸಿನ ಫಮಾಸ್ ಕೂಡ ಹಾಗೆ ಬದಲಿಸುವಂಥವೇ. ಬೆಲ್ಜಿಯಂನ ಎಫ್2000 ಇನ್ನೂ ಒಂದು ಹೆಜ್ಜೆ ಮುಂದೆ, ಖಾಲಿ ಕೇಸು ಕೊಳವೆಯಲ್ಲಿ ಮುಂದಕ್ಕೆ ಜಾರಿ ಮೂತಿ ಕಡೆಯಿಂದ ಉದುರುತ್ತದೆ. ನಮ್ಮ ಪ್ರಧಾನಿಯ ಕಾವಲಿನ ಎಸ್‌ಪಿಜಿಯವರ ಕೈಯಲ್ಲಿ ಮೀನಿನ ಆಕಾರದ ನುಣುಪು ರೈಫಲ್ ಕಂಡಿದ್ದರೆ ಅದೇ ಅದು. ಅದೇ ಕಂಪನಿಯ ಪಿ90ರಲ್ಲಿ ಕೇಸು ಕೆಳಕ್ಕೇ ಬೀಳುತ್ತದೆ.

ಎಡಚ ಭಟ್ಟ

ಕಿಸೆಯಲ್ಲಿ ಎರಡನೇ ಬೋಲ್ಟ್ ಇಟ್ಕೊಂಡು ಯುದ್ಧಕ್ಕೆ ಹೋಗ್ಬೇಕಾ? ಗೋಡೆ ಮೂಲೆಯಲ್ಲಿ ನಿಂತಾಗ ಬಲಗೈಯವನೂ ಎಡ ಭುಜಕ್ಕೆ ಬದಲಿಸಬೇಕಾಗ್ತದಲ್ಲ, ಆವಾಗ "ಒಂದು ನಿಮಿಷ ತಡಿ ಸ್ವಾಮಿ, ಬೋಲ್ಟ್ ಬದಲಿಸ್ತೀನಿ" ಅನ್ನೋದಾ?

ಆಗುಂಬೆ ಮಳೆ

ಭಟ್ರು ಒಂದು, ಹುಳು ಸೊನ್ನೆ.

ಕುಂದಾಪ್ರ ಪೈ

ಹ್ವಾಯ್, ಈ ಬುಲ್‌ಪಪ್‌ಗೆ ಕನ್ನಡದಲ್ಲಿ ಎಂತ ಹೇಳುದು ಮಾರ್ರೆ? ನಾಯಿಮರಿ ಕೋವಿಯಾ?

ಲೇತ್ ಮೆಷಿನ್, ಮಾಚೇನಹಳ್ಳಿ

ತೋಟಾ ಎಲ್ಲ ಹಿಂದುಗಡೆ ಇರೋದಲ್ವಾ. ಹಿಂದುಗಡೆ ತೋಟ ಅಂದ್ರೆ ಹಿತ್ತಲು. "ಹಿತ್ತಲಕೋವಿ" ಅನ್ನಿ.

ಹೊಸನಗರದ ಹುಡುಗ

ಹಿತ್ತಲಕೋವಿ! ಇನ್ಮೇಲೆ ಇದೇ. ತೀರ್ಮಾನ ಆಯ್ತು.

ಕಾರ್ಬೈನ್ ಕಟ್ಟಾಳು

ಹೆಸರಿಟ್ಟು ತೊಟ್ಟಿಲು ತೂಗಿದ್ದು ಸಾಕು, ಅದರ ತಿಥಿ ಕೂಡ ನೋಡ್ಕೊಳ್ಳಿ. ಫ್ರಾನ್ಸ್ ಫಮಾಸ್ ಬಿಟ್ಟು 2016ರಲ್ಲಿ ಜರ್ಮನಿಯ ಎಚ್‌ಕೆ416 ಆರಿಸಿತು. ನ್ಯೂಜಿಲೆಂಡ್ ಸ್ಟೈಯರ್ ಬಿಟ್ಟು ಅಮೆರಿಕದ ಎಂ4 ಕಾರ್ಬೈನ್ ಥರದ್ದಕ್ಕೆ ಹೋಯ್ತು. ಚೀನಾದವರು ಕ್ಯುಬಿಝಡ್-95 ಅಂತ ಲಕ್ಷಗಟ್ಟಲೆ ಹಿತ್ತಲಕೋವಿ ಮಾಡಿ, 2019ರ ಪರೇಡಿನಲ್ಲಿ ಮಾಮೂಲಿ ಆಕಾರದ ಕ್ಯುಬಿಝಡ್-191 ಹಿಡಿದು ನಡೆದ್ರು. ಬ್ರಿಟಿಷ್ ರಾಯಲ್ ಮೆರೀನ್ಸ್‌ಗೂ ಈಗ ಬೇರೆ ರೈಫಲ್. ಟೇವರ್ ಹುಟ್ಟಿದ ಇಸ್ರೇಲಿನಲ್ಲೇ ಎಂ4 ಇನ್ನೂ ಓಡಾಡ್ತಿದೆ.

ಕಾರಣ ಸರಳ. ಎಂ4 ಕಾರ್ಬೈನ್ ಬಟ್ ಒಳಕ್ಕೆ ತಳ್ಳಿದರೆ 76 ಸೆಂ.ಮೀ. ಎಯುಜಿ 79. ಗಿಡ್ಡ ಬೇಕು ಅಂದ್ರೆ ಬಟ್ ತಳ್ಳಿದ್ರೆ ಮುಗೀತು. ಅದಕ್ಕೋಸ್ಕರ ರೈಫಲ್ಲಿನ ಕರುಳು ಹಿಂದೆ ಮುಂದೆ ಮಾಡ್ಬೇಕಾ?

ಹೊಸನಗರದ ಹುಡುಗ

ಅಣ್ಣಾ, ಅರ್ಧ ಲೆಕ್ಕ ಹೇಳಿ ಓಡ್ಬೇಡಿ. ಎಂ4 ನಳಿಗೆ 37 ಸೆಂ.ಮೀ., ಎಯುಜಿ ನಳಿಗೆ 51. ಹದಿನಾಲ್ಕು ಸೆಂ.ಮೀ. ವ್ಯತ್ಯಾಸ! ಇವೆರಡೂ ಹೊಡೆಯೋ 5.56 ಎಂ.ಎಂ. ಗುಂಡಿನ ಶಕ್ತಿ ಇರೋದೇ ವೇಗದಲ್ಲಿ. ಉದ್ದ ನಳಿಗೆಯ ಎಂ16ಕ್ಕೂ ಎಂ4ಗೂ ಮೂತಿ ಬಿಡುವಾಗ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದ ವ್ಯತ್ಯಾಸ ಇದೆ. ಬಟ್ ಒಳಗೆ ತಳ್ಳಿದ ಎಂ4 ಗಿಡ್ಡ ಆಗ್ತದೆ ನಿಜ, ಆದ್ರೆ ಹಾಗೇ ಭುಜಕ್ಕಿಟ್ಟು ಹೊಡೆಯೋಕೆ ಹೊಂದ್ಬೇಕಲ್ಲ. ಎಳೆದ್ರೆ ಮತ್ತೆ 84. ಹಿತ್ತಲಕೋವಿ ಯಾವಾಗ್ಲೂ ಗಿಡ್ಡ, ಯಾವಾಗ್ಲೂ ತಯಾರು.

ಕಾರ್ಬೈನ್ ಕಟ್ಟಾಳು

ಆ 60 ಮೀಟರನ್ನ ಗುಂಡು ಮಾಡೋರು ಹೊಂದಿಸ್ಕೊಂಡ್ರು ತಮ್ಮಾ. ಅಮೆರಿಕದವರು 2010ರಲ್ಲಿ ತಂದ ಎಂ855ಎ1 ಗುಂಡು ಗಿಡ್ಡ ನಳಿಗೆಯನ್ನ ಮನಸ್ಸಿನಲ್ಲಿಟ್ಕೊಂಡೇ ಮಾಡಿದ್ದು. ರೈಫಲ್ ತಿರುಚೋದಕ್ಕಿಂತ ಗುಂಡು ಬದಲಿಸೋದು ಸುಲಭ.

ಕೊಪ್ಪದ ಶೂಟರ್

ನಾನು ಎನ್‌ಸಿಸಿಯಲ್ಲಿ .22 ಹೊಡೆದು, ಆಮೇಲೆ 10 ಮೀಟರ್ ಏರ್ ರೈಫಲ್ ಹಿಡಿದವಳು. ಗಂಡಸರು ಯಾರೂ ಹೇಳದ ಮಾತು ಒಂದಿದೆ. ಹಿತ್ತಲಕೋವಿಯ ಬಟ್ ಜಗ್ಗೋಕೂ ಆಗಲ್ಲ, ತಳ್ಳೋಕೂ ಆಗಲ್ಲ, ಒಳಗೆ ಯಂತ್ರವೇ ಇದೆಯಲ್ಲ. ಭುಜದಿಂದ ಟ್ರಿಗರ್‌ವರೆಗಿನ ದೂರ ಕಾರ್ಖಾನೆಯವರು ಕೊಟ್ಟಷ್ಟೇ. ನಂದು ಐದಡಿ. ತೋಳು ಗಿಡ್ಡ ಇರೋರಿಗೆ ಇಡೀ ರೈಫಲ್ ಗಿಡ್ಡ ಆದ್ರೂ ಹಿಡಿಯೋಕೆ ಉದ್ದ! ಅದರ ಮೇಲೆ ಗುಂಡು ತಡೆಯೋ ಜಾಕೆಟ್ ದಪ್ಪ ಬೇರೆ. ಎಂ4ನಲ್ಲಿ ಬಟ್ ಎರಡು ಹಲ್ಲು ಒಳಕ್ಕೆ ತಳ್ಳಿದ್ರೆ ನನಗೂ ಸರಿ, ಆರಡಿಯವನಿಗೂ ಸರಿ.

ಮತ್ತೆ ಟ್ರಿಗರ್. ನಿಖರವಾಗಿ ಹೊಡೆಯೋರಿಗೆ ಟ್ರಿಗರ್ ಅಂದ್ರೆ ಗಾಜಿನ ಕಡ್ಡಿ ಮುರಿದ ಹಾಗೆ ಪಟ್ ಅನ್ಬೇಕು. ಹಿತ್ತಲಕೋವಿದು ಒದ್ದೆ ಹಪ್ಪಳ ಮುರಿದ ಹಾಗೆ ಅಂತ ಎಲ್ರೂ ಹೇಳೋದು.

ಲೇತ್ ಮೆಷಿನ್, ಮಾಚೇನಹಳ್ಳಿ

ಒದ್ದೆ ಹಪ್ಪಳ ಯಾಕೆ ಅಂತ ನಾನು ಹೇಳ್ತೀನಿ, ಇದು ನಮ್ಮ ಕಸುಬು. ಮಾಮೂಲಿ ರೈಫಲ್‌ನಲ್ಲಿ ಟ್ರಿಗರ್ ತಿರುಗಿದ್ರೆ ಪಕ್ಕದಲ್ಲೇ ಇರೋ ಕೊಕ್ಕೆ ಬಿಡ್ತದೆ. ಹಿತ್ತಲಕೋವಿಯಲ್ಲಿ ಕೊಕ್ಕೆ ಸುತ್ತಿಗೆ ಎಲ್ಲ ಹಿತ್ತಲಲ್ಲಿ, ಟ್ರಿಗರ್ ಅಂಗಳದಲ್ಲಿ. ನಡುವೆ ಮ್ಯಾಗಜಿನ್ ಜಾಗ ಸುತ್ತಿಕೊಂಡು ಉದ್ದನೆ ಕಡ್ಡಿ ಹೋಗ್ಬೇಕು. ಆ ಕಡ್ಡಿ ಒಂಚೂರು ಬಾಗ್ತದೆ, ಒಂಚೂರು ಉಜ್ಜುತ್ತದೆ, ಪಿನ್ನು ತೂತುಗಳಲ್ಲಿ ಒಂಚೂರು ಸಡಿಲ. ಎಲ್ಲಾ ಒಂಚೂರೂ ಕೂಡಿ ಬೆರಳಿಗೆ ಬರ್ತದೆ. ಹಳೇ ಟಿಲ್ಲರ್ ಕ್ಲಚ್ ಹಿಡಿದೋರಿಗೆ ಇದು ಹೇಳ್ಬೇಕಾಗಿಲ್ಲ. ಇಲ್ಲಿ ಎಳೀತೀರಿ, ಅಲ್ಲಿ ಆಗ್ತದೆ, ನಡುವೆ ತಂತಿ ಏನು ಯೋಚನೆ ಮಾಡ್ತದೋ ಗೊತ್ತಿಲ್ಲ.

ಎಯುಜಿಯವರು ಇದನ್ನೇ ಚಂದವಾಗಿ ಬಳಸ್ಕೊಂಡಿದ್ದಾರೆ ಅನ್ನಿ. ಒಂಟಿ ಗುಂಡು, ಸತತ ಗುಂಡು ಅಂತ ಬದಲಿಸೋ ಗುಂಡಿಯೇ ಇಲ್ಲ. ಅರ್ಧ ಎಳೆದ್ರೆ ಒಂದು, ಪೂರ್ತಿ ಎಳೆದ್ರೆ ಸಾಲು. ಮ್ಯಾಗಜಿನ್ ಪಾರದರ್ಶಕ, ಉಪ್ಪಿನಕಾಯಿ ಜಾಡಿ ನೋಡಿದ ಹಾಗೆ ಎಷ್ಟು ಉಳೀತು ಅಂತ ಕಾಣ್ತದೆ. 1.5 ಪಟ್ಟು ಹತ್ತಿರ ತೋರಿಸೋ ಸ್ವರಾಫ್ಸ್‌ಕಿ ದೂರದರ್ಶಕ ಹಿಡಿಕೆಯಲ್ಲೇ ಸೇರಿತ್ತು. 1977ರಲ್ಲಿ! ನನಗೆ ಅದನ್ನ ಹೊಡೆಯೋ ಆಸೆ ಇಲ್ಲ, ಒಂದ್ಸಲ ಬಿಚ್ಚಿ ಜೋಡಿಸೋ ಆಸೆ.

ಗಾಜನೂರು ಗೇಮರ್

ಅಂದ್ರೆ ಗ್ರೋಜಾ ವೇಸ್ಟಾ??

ಪುಸ್ತಕದ ಹುಳು, ಭದ್ರಾವತಿ

ವೇಸ್ಟ್ ಅಲ್ಲಪ್ಪ, ನಿನ್ನ ಆಟದಲ್ಲಿ ಇರೋದು 7.62. ನಿಜವಾದ ಓಟಿಎಸ್-14 ಗ್ರೋಜಾ ಬಹುಮಟ್ಟಿಗೆ 9×39 ಅನ್ನೋ ನಿಧಾನ, ಭಾರದ ಗುಂಡಿನದು, ಸದ್ದಡಗಿಸಿ ಹೊಡೆಯೋಕೆ ಮಾಡಿದ್ದು. ಕಲಾಶ್ನಿಕೋವ್ ತಳಿಯದ್ದನ್ನೇ ಹಿತ್ತಲಿಗೆ ತಿರುಗಿಸಿದ್ದು.

ಗಾಜನೂರು ಗೇಮರ್

ಪಬ್‌ಜಿ ಬ್ಯಾನ್ ಆದಾಗಿಂತ ಜಾಸ್ತಿ ಬೇಜಾರಾಯ್ತು ಸರ್ ಈಗ.

ಮೇಗರವಳ್ಳಿ ಮಾಸ್ತರು

ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ಇಲ್ಲ. ಆದರೆ ನಮ್ಮ ಕಡೆ ರೈಫಲ್ ಅಂದರೆ ಬರೀ ವಿಡಿಯೊ ಅಲ್ಲ. ನಕ್ಸಲ್ ಕೂಂಬಿಂಗ್ ಜೋರಿದ್ದ ವರ್ಷಗಳಲ್ಲಿ ಪಡೆಯವರು ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯುವಾಗ ಎ.ಕೆ.ಗಳನ್ನು ಕಂಬಕ್ಕೆ ಒರಗಿಸಿಡುತ್ತಿದ್ದರು. ಅಮ್ಮ ಅದನ್ನು ದಾಟಿ ಕೊಟ್ಟಿಗೆಗೆ ಹೋಗಬೇಕಾಗಿತ್ತು. ಆ ಇಪ್ಪತ್ತು ನಿಮಿಷ ಯಾರೂ ಜೋರಾಗಿ ಉಸಿರೂ ಬಿಡುತ್ತಿರಲಿಲ್ಲ. ಅವರು ಹೋದ ಮೇಲೆ ನಕ್ಸಲರು ಬಂದು ಅನ್ನ ಕೇಳಿದರೆ ಅನ್ನುವ ಹೆದರಿಕೆ ಬೇರೆ. ಉದ್ದ ಗಿಡ್ಡ ನೋಡುವ ಮನಸ್ಸು ನಮಗೆ ಬಂದದ್ದೇ ಇಲ್ಲ.

ನಿವೃತ್ತ ಹವಾಲ್ದಾರ್, ಸಾಗರ

ಮಾಸ್ತರೇ, ನಿಮ್ಮ ಮಾತು ಒಪ್ಪಿದೆ. ಇಪ್ಪತ್ತೆರಡು ವರ್ಷ ಹೊತ್ತವನಿಗೂ ಮನೆಯಲ್ಲಿ ಅದರ ಫೋಟೊ ಹಾಕಬೇಕು ಅನ್ನಿಸಿಲ್ಲ. ಹುಡುಗರು ಯಂತ್ರದ ಬಗ್ಗೆ ಮಾತಾಡಲಿ, ಗಡಿಯಾರದ ಬಗ್ಗೆ ಮಾತಾಡಿದ ಹಾಗೆ. ಅದರಾಚೆ ಹೋದರೆ ನಾನೇ ಕಿವಿ ಹಿಂಡುತ್ತೇನೆ.

ಕೊಡಗಿನ ಕಾಫಿ

ನಿಮ್ಮ ಕಡೆ ಒಂದು ಕೋವಿಗೆ ಇಷ್ಟು ಕಥೆ! ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆ ಕೋವಿಗೆಲ್ಲ ಹೂವಿಟ್ಟು ಪೂಜೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯವರಿಗೂ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದ್ದು, ಕೇಂದ್ರದವರು 2029ರವರೆಗೆ ಮುಂದುವರಿಸಿದ್ದಾರೆ. ಹಾಗಂತ ಟೇವರ್ ಇಟ್ಟುಕೊಳ್ಳಬಹುದು ಅಂದುಕೊಳ್ಳಬೇಡಿ. ಅದೇ ಒಂಟಿ ನಳಿಗೆ, ಜೋಡಿ ನಳಿಗೆ.

ಮಂಡಿ ಗುಮಾಸ್ತ

ಕೊಡಗಿನವರು ಪುಣ್ಯವಂತರು. ನಮಗೆ ಎಲೆಕ್ಷನ್ ಬಂತು ಅಂದ್ರೆ ಕೋವಿ ಠಾಣೆಗೆ ಒಪ್ಪಿಸ್ಬೇಕು. ಪಂಚಾಯ್ತಿಗೆ ಒಮ್ಮೆ, ಅಸೆಂಬ್ಲಿಗೆ ಒಮ್ಮೆ, ಲೋಕಸಭೆಗೆ ಒಮ್ಮೆ. ಮಂಗನಿಗೂ ಹಂದಿಗೂ ನೀತಿಸಂಹಿತೆ ಯಾರು ಹೇಳ್ತಾರೆ? ವಾಪಸು ತರೋವಾಗ ಬಟ್ ಮೇಲೆ ಹೊಸ ಗೀರು ಖಾತ್ರಿ.

ಆಗುಂಬೆ ಮಳೆ

2019ರಲ್ಲಿ ತೀರ್ಥಹಳ್ಳಿ ಕಡೆ ಒಬ್ರು ನಾಯಿಗೆ ಹುಲಿಪಟ್ಟೆ ಬಳಿದು ಮಂಗ ಓಡಿಸಿದ್ರಲ್ಲ, ಅದೇ ನಮ್ಮೂರಿನ ನಿಜವಾದ ಬುಲ್‌ಪಪ್.

ಕುಂದಾಪ್ರ ಪೈ

ಹೌದು ಮಾರ್ರೆ, ಪಪ್ಪೇ ಅಲ್ದಾ ಅದು.

ಗಾಜನೂರು ಗೇಮರ್

ಬ್ರೋ ಒಂದು ಐಡಿಯಾ. ಅಜ್ಜನ ಕೋವಿ ನಳಿಗೆನ ಆಕ್ಸಾ ಬ್ಲೇಡ್‌ನಲ್ಲಿ ಅರ್ಧ ಕುಯ್ದುಬಿಡಿ. ಗಿಡ್ಡ ಆಯ್ತು, ಖರ್ಚಿಲ್ಲ.

ವಕೀಲ್ ಸಾಹೇಬ್ರು, ತೀರ್ಥಹಳ್ಳಿ

ಏಯ್ ಏಯ್ ಏಯ್. ಈ ಮಾತು ತಮಾಷೆಗೂ ಬೇಡ. ಶಸ್ತ್ರಾಸ್ತ್ರ ಕಾಯ್ದೆ 1959ರ 6ನೇ ಕಲಮು ಇರುವುದೇ ಇದಕ್ಕೆ, ನಳಿಗೆ ಮೊಟಕು ಮಾಡೋದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ನಯ ನಳಿಗೆಯ ಕೋವಿ 20 ಇಂಚಿಗಿಂತ ಗಿಡ್ಡ ಆಯಿತು ಅಂದರೆ ಅದು ನಿಷೇಧಿತ ವರ್ಗಕ್ಕೇ ಹೋಗಿ ಸೇರುತ್ತದೆ. ಅಜ್ಜನ ಲೈಸೆನ್ಸು, ಕೋವಿ, ನೆಮ್ಮದಿ ಮೂರೂ ಒಟ್ಟಿಗೆ ಹೋಗುತ್ತವೆ.

ಟೇವರ್, ಎಯುಜಿ ಆಸೆ ಇಟ್ಟುಕೊಂಡವರಿಗೂ ಅದೇ ಉತ್ತರ. ಟ್ರಿಗರ್ ಒತ್ತಿ ಹಿಡಿದರೆ ಗುಂಡು ಬರುತ್ತಲೇ ಇರುವಂಥದ್ದು ನಿಷೇಧಿತ ಶಸ್ತ್ರ. .303, 9 ಎಂ.ಎಂ. ಕೂಡ ನಿಷೇಧಿತ ಬೋರ್ (ನಳಿಗೆ ತೂತಿನ ಅಳತೆ). 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಆಕಾರದ ಹುಚ್ಚು ತೀರಲೇಬೇಕು ಅಂದರೆ ಹಿತ್ತಲಕೋವಿ ಆಕಾರದ ಏರ್‌ಗನ್‌ಗಳು ಇವೆ, ಸ್ವೀಡನ್ನಿನ ಎಫ್ಎಕ್ಸ್ ವೈಲ್ಡ್‌ಕ್ಯಾಟ್ ಥರದ್ದು. .177 ಬೋರಿನದು, 20 ಜೂಲ್ ಶಕ್ತಿ ಮೀರದ್ದಾದರೆ ನಮ್ಮಲ್ಲಿ ಲೈಸೆನ್ಸ್ ಬೇಡ. ಮೀರಿದರೆ ಬೇಕು. ಹಕ್ಕಿ ಪ್ರಾಣಿ ಕಡೆ ತಿರುಗಿಸಿದರೆ ಅರಣ್ಯ ಇಲಾಖೆಯವರು ಬರುತ್ತಾರೆ, ನಾನು ಬರುವುದಿಲ್ಲ.

ಗಾಜನೂರು ಗೇಮರ್

ಸಾರಿ ಸರ್. ಜೋಕ್ ಸರ್.

ಕಾರ್ಬೈನ್ ಕಟ್ಟಾಳು

ಕಾಡು, ಮಟ್ಟಿ ಅಂತ ಮಾತು ಬಂತಲ್ಲ. ಕಾಡಿಗೆ ಅಂತಲೇ ಹೆಸರಿಟ್ಟು ಕರೆದ ಕಾರ್ಬೈನ್ ಒಂದಿದೆ. ಲೀ-ಎನ್‌ಫೀಲ್ಡ್ ನಂ. 5, ಜನ ಕರೆದದ್ದು ಜಂಗಲ್ ಕಾರ್ಬೈನ್ ಅಂತ. 1944ರಿಂದ 47ರವರೆಗೆ ಮಾಡಿದ್ರು. ನಂ. 4 ರೈಫಲ್‌ನಿಂದ ಮರ ಕೆತ್ತಿ, ಕಬ್ಬಿಣ ಕೊರೆದು, 113 ಸೆಂ.ಮೀ. ಇದ್ದದ್ದನ್ನ 100ಕ್ಕೆ ತಂದು, ತೂಕ 3.2 ಕೆ.ಜಿ.ಗೆ ಇಳಿಸಿದ್ರು. ಮೂತಿಗೆ ನಾಗಸ್ವರದ ತುದಿಯಂಥ ಬೆಂಕಿ ಮರೆಮಾಚೋ ಗಂಟೆ. ನೋಡೋಕೆ ಅಷ್ಟು ಚಂದದ ಕಾರ್ಬೈನ್ ನಾನಂತೂ ಬೇರೆ ನೋಡಿಲ್ಲ.

ಪುಸ್ತಕದ ಹುಳು, ಭದ್ರಾವತಿ

ಚಂದ ಹೌದು, ಗುಣ ಹೇಳಿ. ಅಷ್ಟು ಹಗುರದಲ್ಲಿ ಪೂರ್ತಿ .303 ಗುಂಡು. ಒದೆತ ಕತ್ತೆಯದು. ಬಟ್ ತುದಿಗೆ ರಬ್ಬರ್ ಕೊಟ್ಟರು, ಅದನ್ನೂ ಕಿರಿದಾಗಿ ಮಾಡಿ ನೋವು ಒಂದೇ ಕಡೆ ಬೀಳೋ ಹಾಗೆ ಮಾಡಿದರು. ಇವತ್ತು ಗುರಿ ಹೊಂದಿಸಿಟ್ಟರೆ ನಾಳೆ ಬೇರೆ ಕಡೆ ಬೀಳುತ್ತದೆ ಅನ್ನೋ ದೂರು ಕೊನೆವರೆಗೂ ಹೋಗಲಿಲ್ಲ. ಗಿಡ್ಡ ಮಾಡಿದರೆ ಏನೋ ಒಂದು ಬೆಲೆ ತೆರಬೇಕು, ಹಿತ್ತಲಾಗಲಿ ಅಂಗಳವಾಗಲಿ.

ಕಾರ್ಬೈನ್ ಕಟ್ಟಾಳು

ನಮ್ಮ ಸೈನ್ಯಕ್ಕೆ ಈಗ 4.25 ಲಕ್ಷ ಕಾರ್ಬೈನ್ ಬೇಕು ಅಂತ ಟೆಂಡರ್ ಆಯ್ತಲ್ಲ. ಡಿಆರ್‌ಡಿಒ ವಿನ್ಯಾಸ, ಭಾರತ್ ಫೋರ್ಜ್ ಮುಂದೆ ಬಂತು. ಅದು ಯಾವ ಆಕಾರ? ಮ್ಯಾಗಜಿನ್ ಮುಂದೆ. ಅದಕ್ಕೂ ಮುಂಚೆ ಡಿಆರ್‌ಡಿಒದ್ದೇ ಪುಣೆ ಪ್ರಯೋಗಾಲಯ ಎಆರ್‌ಡಿಇ ಮಾಡಿದ ಜೆವಿಪಿಸಿ ಕಾರ್ಬೈನ್, 5.56×30 ಗುಂಡಿನದು, ಅದೂ ಹಿತ್ತಲಕೋವಿ ಅಲ್ಲ. ಬೆಂಗಳೂರಿನ ಎಸ್ಎಸ್ಎಸ್ ಡಿಫೆನ್ಸ್‌ನವರ ಎಂ72 ಕಾರ್ಬೈನ್ ಕೂಡ ಅಲ್ಲ. ಲೋಕವೇ ಒಂದು ಕಡೆ ಹೋಗ್ತಿದೆ, ಹೊಸನಗರ ಒಂದು ಕಡೆ.

ಹೊಸನಗರದ ಹುಡುಗ

ಎರಡು ದಿನ ಕಾಣ್ಲಿಲ್ಲ ಅಂತ ಬೈಬೇಡಿ, ಸಂಶೋಧನೆಯಲ್ಲಿದ್ದೆ. ಜಗಳ ಸಾಕು, ಅಳೆದೇ ನೋಡೋಣ ಅಂತ ಅಕೇಶಿಯಾ ಹಲಗೆಯಲ್ಲಿ ಮೂರು ತುಂಡು ಕೊಯ್ದೆ. ಒಂದು 72 ಸೆಂ.ಮೀ., ಟೇವರ್. ಒಂದು 84, ಬಟ್ ಎಳೆದ ಎಂ4. ಒಂದು 119, ಅಜ್ಜ. ಕೈ ಹಿಡಿ ಬರೋ ಜಾಗಕ್ಕೆ ಅಡಿಕೆ ದಬ್ಬೆ ಚೂರು ಮೊಳೆ ಹೊಡೆದೆ. (ವಕೀಲ್ರೇ, ಬರೀ ಹಲಗೆ, ತೂತು ಗೀತು ಎಂತದೂ ಇಲ್ಲ, ಬಣ್ಣನೂ ಬಳಿದಿಲ್ಲ. ಮನೆ ಗಡಿ ದಾಟಿಸಿಲ್ಲ.)

ಜೀಪಿನಲ್ಲಿ: ಅಜ್ಜ ಕೂತ್ರೆ ಗೇರ್ ಹಾಕೋಕೆ ಆಗಲ್ಲ, ಗೊತ್ತಿದ್ದದ್ದೇ. 84 ಮಂಡಿ ನಡುವೆ ನಿಂತ್ಕೊಳ್ತದೆ, ಆದ್ರೆ ಗುಂಡಿಗೆ ಬಿದ್ದಾಗ ಗಲ್ಲಕ್ಕೆ ಬಡೀತು. 72ಕ್ಕೆ ತೊಂದರೆಯೇ ಇಲ್ಲ. ಲಂಟಾನ ಮಟ್ಟಿಯಲ್ಲಿ ಅಜ್ಜ ಆರು ಸಲ ಸಿಕ್ಕಿಹಾಕ್ಕೊಂಡ. 72 ಒಂದೇ ಸಲ. 84 ಎರಡು ಸಲ. ಅಟ್ಟದ ಏಣಿ ಹತ್ತುವಾಗ 72ಕ್ಕೂ 84ಕ್ಕೂ ಎಂತ ವ್ಯತ್ಯಾಸವೂ ಕಾಣ್ಲಿಲ್ಲ, ಸುಳ್ಳು ಹೇಳಲ್ಲ.

ಸೋತ ಜಾಗ ಮ್ಯಾಗಜಿನ್. 84ಕ್ಕೆ ಮುಂದೆ, 72ಕ್ಕೆ ಹಿಂದುಗಡೆ ಒಂದು ಖಾಲಿ ಬೆಂಕಿಪೊಟ್ಟಣ ಸಿಕ್ಕಿಸಿ, ತೆಗೆದು ಇನ್ನೊಂದು ಹಾಕೋದು ಅಂತ ಅಕ್ಕನ ಮಗನ ಕೈಲಿ ಲೆಕ್ಕ ಹಾಕಿಸ್ದೆ. 84ರಲ್ಲಿ ಕಣ್ಣು ಮುಂದೆ ಇಟ್ಕೊಂಡೇ ಕೈ ಹೋಗ್ತದೆ. 72ರಲ್ಲಿ ಪ್ರತಿ ಸಲ ಬಗ್ಗಿ ಕಂಕುಳು ನೋಡ್ಬೇಕು, ಇಲ್ಲಾ ಮೊಣಕೈ ಹಕ್ಕಿ ರೆಕ್ಕೆ ಥರ ಎತ್ಬೇಕು. ಹತ್ತು ಸಲದಲ್ಲಿ ಎಂಟು ಸಲ 84 ಗೆದ್ತು.

ಕಟ್ಟಾಳು ಅಣ್ಣಂಗೆ ಅರ್ಧ ಒಪ್ಕೊಂಡೆ. ಪೂರ್ತಿ ಅಲ್ಲ. ನಳಿಗೆ ಲೆಕ್ಕ ಹಾಗೇ ಇದೆ.

ಕಾರ್ಬೈನ್ ಕಟ್ಟಾಳು

ಅರ್ಧ ಸಾಕು. ಪ್ರಾಮಾಣಿಕ ಹುಡುಗ.

ನಿವೃತ್ತ ಹವಾಲ್ದಾರ್, ಸಾಗರ

ತಮ್ಮಾ, ಅಭ್ಯಾಸ ಅನ್ನೋದು ಇದೆ. ಹತ್ತು ಸಲಕ್ಕೆ ಅಲ್ಲ, ಹತ್ತು ಸಾವಿರ ಸಲಕ್ಕೆ ಕೈ ಕಲಿಯುತ್ತದೆ. ಆಸ್ಟ್ರಿಯಾದವರೂ ಆಸ್ಟ್ರೇಲಿಯಾದವರೂ ಇನ್ನೂ ಎಯುಜಿ ವಂಶದ್ದನ್ನೇ ಹೊರುತ್ತಿದ್ದಾರೆ, ಅವರ ಹುಡುಗರೇನು ಕಂಕುಳು ನೋಡಿಕೊಂಡು ಕೂರುವುದಿಲ್ಲ. ನಿನ್ನ ಹಲಗೆಯಲ್ಲಿ ತೂಕವೂ ಇಲ್ಲ, ಬಿಸಿಯೂ ಇಲ್ಲ, ಮೂರು ದಿನದ ನಿದ್ದೆಗೇಡೂ ಇಲ್ಲ. ಆದರೂ ಅಳೆದು ನೋಡಿದೆಯಲ್ಲ, ಭೇಷ್.

ಕೊಪ್ಪದ ಶೂಟರ್

ಅಕ್ಕನ ಮಗನ ಎತ್ತರ ಎಷ್ಟು? ಅವನ ಭುಜಕ್ಕೆ ಕೊಟ್ಟು ನೋಡಿದ್ರಾ? ಅಂಕಿಅಂಶದಲ್ಲಿ ಗಿಡ್ಡೋರನ್ನ ಸೇರಿಸಿ.

ಹೊಸನಗರದ ಹುಡುಗ

ಅವನು ಏಳನೇ ಕ್ಲಾಸು ಮೇಡಂ. 72 ಕೊಟ್ರೆ ಕೈ ಟ್ರಿಗರ್ ದಬ್ಬೆಗೆ ಮುಟ್ಟಲೇ ಇಲ್ಲ. ನಿಮ್ಮ ಮಾತು ನಿಜ.

ಮಂಡಿ ಗುಮಾಸ್ತ

ಹಲಗೆ ಈಗ ಎಲ್ಲಿದೆ?

ಹೊಸನಗರದ ಹುಡುಗ

ಅಜ್ಜ ಮತ್ತೆ 84 ಬಚ್ಚಲ ಒಲೆಗೆ ಹೋದ್ವು. 72ನ್ನ ಅಮ್ಮ ಇಟ್ಕೊಂಡಿದ್ದಾರೆ. ಹಪ್ಪಳ ಒಣಗ್ಸಿದಾಗ ಮಂಗ ಬಂದ್ರೆ ಎತ್ತಿ ತೋರಿಸ್ತಾರೆ. ಕೋಲಿಗೆ ಹೆದರದ ಮಂಗ ಅದಕ್ಕೆ ಸ್ವಲ್ಪ ಯೋಚನೆ ಮಾಡ್ತದೆ ಅಂತಾರೆ. ಒದ್ದೆ ಹಪ್ಪಳಕ್ಕೆ ಕೊನೆಗೂ ಹಿತ್ತಲಕೋವಿಯೇ ಕಾವಲು.

ಎಡಚ ಭಟ್ಟ

ಒಂದು ನನಗೂ ಕೊಯ್ದಿಡು ಮಾರಾಯ. ಎಡಗೈದು.

ಹೊಸನಗರದ ಹುಡುಗ

ಹಲಗೆಗೆ ಎಡ ಬಲ ಇಲ್ಲ ಭಟ್ರೇ. ತಿರುಗಿಸಿ ಹಿಡ್ಕೊಳ್ಳಿ.